ನಾಲ್ಕು ಪದರದ ಹಾಸಿಗೆ

ಭೌತಶಾಸ್ತ್ರ ಕಲಿಸುವವಳಿಗೆ ಬೆನ್ನುನೋವು ಬರಬಾರದು. ಬಂದರೆ ಅದನ್ನು ಭೌತಶಾಸ್ತ್ರದಿಂದಲೇ ಓಡಿಸಬೇಕು. ಡಾಕ್ಟರು, ಮಾತ್ರೆ, ಮುಲಾಮು ಇವೆಲ್ಲ ಪ್ಲಸ್ ಟೂವಿನಲ್ಲಿ ಕಾಮರ್ಸ್ ತೆಗೆದುಕೊಂಡವರಿಗೆ! ಹೀಗೆಂದು ಜನವರಿಯ ಒಂದು ಬೆಳಿಗ್ಗೆ ನಾನು ಒಂದು ಕೈಯನ್ನು ಸೊಂಟಕ್ಕೂ ಇನ್ನೊಂದನ್ನು ಅಡುಗೆಮನೆಯ ಕಟ್ಟೆಗೂ ಊರಿ ನಿಂತು ಘೋಷಿಸಿದೆ. ಕೇಳಿಸಿಕೊಂಡದ್ದು ಗಂಡ ಪುರಂದರ ಮತ್ತು ಕುಕ್ಕರ್. ಕುಕ್ಕರ್ ಸೀಟಿ ಹೊಡೆಯಿತು. ಗಂಡ ಒಲೆಯ ಉರಿ ತಗ್ಗಿಸಿದರು.

ಪುರಂದರ ಹೊಸಂಗಡಿಯಲ್ಲಿ ಒಂದು ಸಣ್ಣ ಪ್ರೆಸ್ ನಡೆಸುತ್ತಾರೆ. ಮದುವೆ ಕಾಗದ, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಕ್ಲಬ್ಬುಗಳ ರಶೀದಿ ಪುಸ್ತಕ ಇತ್ಯಾದಿ. ಗಿರಾಕಿಗಳು ಬರೆದುಕೊಟ್ಟ ತಪ್ಪುಗಳನ್ನು ಅವರಿಗೆ ಗೊತ್ತಾಗದ ಹಾಗೆ ತಿದ್ದಿ ಅಚ್ಚು ಹಾಕಿಕೊಡುವುದು ಅವರ ಕಸುಬು. ಮಾತು ಕಡಿಮೆ. ನಮ್ಮ ಮನೆಗೆ ಬೇಕಾದ ಮಾತನ್ನೆಲ್ಲ ನಾನೊಬ್ಬಳೇ ಪೂರೈಸುತ್ತಿರುವುದರಿಂದ ಅದೊಂದು ಕೊರತೆಯೆಂದು ಅನ್ನಿಸಿದ್ದಿಲ್ಲ.

ನನ್ನ ನೋವಿಗೆ ಒಂದು ವಿಶೇಷವಿತ್ತು. ಶಾಲೆಗೆ ಹೋಗುವ ಬಸ್ಸು ಹೈವೇ ಕೆಲಸ ನಡೆಯುವಲ್ಲೆಲ್ಲ ಸರ್ವೀಸ್ ರೋಡಿಗೆ ಇಳಿದು ಕುಣಿದರೂ ಬೆನ್ನು ತೆಪ್ಪಗಿರುತ್ತಿತ್ತು. ಇಡೀ ದಿನ ಕರಿಹಲಗೆಯ ಮುಂದೆ ನಿಂತರೂ ದೂರಿಲ್ಲ. ಆದರೆ ಬೆಳಿಗ್ಗೆ ಎದ್ದಾಗ ಮಾತ್ರ ಮಡಚಿಟ್ಟ ಕುರ್ಚಿಯನ್ನು ಬಿಡಿಸುವಂತೆ ನನ್ನನ್ನು ನಾನೇ ಬಿಡಿಸಿಕೊಳ್ಳಬೇಕಾಗಿತ್ತು. ಅಂದಮೇಲೆ ಅಪರಾಧಿ ಯಾರು? ಹಾಸಿಗೆ. ತನಿಖೆ ಅಲ್ಲಿಗೆ ಮುಗಿಯಿತು.

ನಮ್ಮದು ಡಬಲ್ ಮಂಚದ ನಾರಿನ ಹಾಸಿಗೆ. ಮನೆ ಕಟ್ಟಿದ ವರ್ಷ ಕೊಂಡದ್ದು. ಅದರ ಬಗ್ಗೆ ಸ್ಟಾಫ್ ರೂಮಿನಲ್ಲಿ ವಿಚಾರಿಸಿದಾಗ ಪ್ರತಿಯೊಬ್ಬರ ಬಳಿಯೂ ಒಂದೊಂದು ಸಿದ್ಧಾಂತವಿತ್ತು. ಬರಿಯ ಹಲಗೆಯ ಮೇಲೆ ಮಲಗಬೇಕೆಂದು ಸಂಸ್ಕೃತ ಟೀಚರ್ ಹೇಳಿದರು. ಹತ್ತಿಯಷ್ಟು ಮೆತ್ತಗೆ ಇರಬೇಕೆಂದು ಹಿಂದಿಯವರು ಹೇಳಿದರು. ಕನ್ನಡದ ಈಶ್ವರಪ್ರಸಾದ ಮಾಷ್ಟ್ರು ಮಾತ್ರ ತಮಗೂ ಬೆನ್ನುನೋವು ಉಂಟೆಂದೂ, ನನ್ನದು ಗುಣವಾದರೆ ತಮಗೂ ಒಂದು ಮಾತು ತಿಳಿಸಬೇಕೆಂದೂ ಕೇಳಿಕೊಂಡರು. ಫೋನಿನಲ್ಲಿ ಹುಡುಕಿದರೆ, ಹಾಸಿಗೆ ಗಟ್ಟಿಯಾಗಿರಬೇಕು ಆದರೆ ಗಟ್ಟಿಯಾಗಿರಬಾರದು, ಮೆತ್ತಗಿರಬೇಕು ಆದರೆ ಮೆತ್ತಗಿರಬಾರದು ಎಂದು ತಿಳಿಯಿತು. ಹೊಸ ಹಾಸಿಗೆ ಕೊಳ್ಳುವುದು ಸೋಲೊಪ್ಪಿದಂತೆ. ಇರುವ ಪದರಗಳನ್ನೇ ಸರಿಯಾಗಿ ಜೋಡಿಸುವುದು ವಿಜ್ಞಾನ. ನಾನು ವಿಜ್ಞಾನವನ್ನು ಆರಿಸಿಕೊಂಡೆ.

ಮೊದಲು ಗಟ್ಟಿತನದ ಪ್ರಯೋಗ. ಅಟ್ಟದ ಮೇಲಿದ್ದ ಹಳೆಯ ಕಪಾಟಿನ ಪ್ಲೈವುಡ್ ಇಳಿಸಿ ಹಾಸಿಗೆಯ ಮೇಲೆ ಹಾಕಿ, ಅದರ ಮೇಲೆ ಒಂದು ಕಂಬಳಿ ಹಾಸಿದೆ. ಬೆಳಿಗ್ಗೆ ನನ್ನ ಬೆನ್ನು ನೆಟ್ಟಗಾಗಿತ್ತು. ಎಷ್ಟು ನೆಟ್ಟಗೆಂದರೆ ಹಲ್ಲುಜ್ಜಲು ಬೇಸಿನ್ನಿಗೆ ಬಾಗಲಾಗದೆ, ದೂರದಿಂದ ಗುರಿಯಿಟ್ಟು ಉಗುಳಬೇಕಾಯಿತು. ಪುರಂದರ ತಮ್ಮ ಪಾಲಿನ ಪ್ಲೈವುಡ್ಡಿನಿಂದ ಮೊಣಕೈಗೆ ಹೊಕ್ಕಿದ್ದ ಒಂದು ಸಿಬಿರನ್ನು ಕಿತ್ತು ತೆಗೆದು ಪ್ರೆಸ್ಸಿಗೆ ಹೋದರು.

ಮರುದಿನ ಮೆತ್ತನೆಯ ಪ್ರಯೋಗ. ಅತಿಥಿಗಳ ಕೋಣೆಯ ಹತ್ತಿಯ ಹಾಸಿಗೆಯನ್ನು ಎಳೆದು ತಂದು ನಾರಿನ ಹಾಸಿಗೆಯ ಮೇಲೇರಿಸಿದೆ. ಅದರ ಮೇಲೆ ಇನ್ನೆರಡು ರಜಾಯಿ. ಮಂಚ ಎತ್ತರವಾಯಿತು. ಅದರ ಮೇಲೆ ಮಲಗಿದಾಗ ಫ್ಯಾನು ನನ್ನನ್ನು ವಿಚಾರಿಸಿಕೊಳ್ಳುವಷ್ಟು ಹತ್ತಿರ ಬಂದಿತ್ತು. ಹತ್ತಲು ನಾನು ಒಂದು ಸ್ಟೂಲು ಇಟ್ಟಿದ್ದೆ. ಅದು ನನ್ನ ಕಡೆಗೆ. ಬೆಳಿಗ್ಗೆ ಪುರಂದರ ಅಭ್ಯಾಸಬಲದಿಂದ ತಮ್ಮ ಕಡೆಗೆ ಕಾಲು ಇಳಿಸಿದರು. ನೆಲ ಇರಬೇಕಾದಲ್ಲಿ ಇರಲಿಲ್ಲ. ನಾನು ನೋಡುವಾಗ ಅವರು ನೆಲದ ಮೇಲೆ ಕುಳಿತು, ಇನ್ನೂ ಪೂರ್ತಿ ಎಚ್ಚರವಾಗದೆ, ಚಪ್ಪಲಿ ಹುಡುಕುತ್ತಿದ್ದರು. ಪ್ರಯೋಗದಲ್ಲಿ ಸಣ್ಣಪುಟ್ಟ ನಷ್ಟ ಇದ್ದದ್ದೇ ಎಂದು ಸಮಾಧಾನ ಹೇಳಿದೆ. ಅವರು ತಲೆಯಾಡಿಸಿದರು.

ಆಮೇಲೆ ನನಗೆ ಹೊಳೆದದ್ದು ಸ್ಪಂಜು. ನಮ್ಮ ಸೋಫಾದ ಒಳಗಿನ ಸ್ಪಂಜು ಒಳ್ಳೆಯ ಜಾತಿಯದು. ಕವರಿನ ಜಿಪ್ಪು ಬಿಚ್ಚಿ ಅದನ್ನು ಹೊರಗೆಳೆದು, ಖಾಲಿ ಕವರಿನ ಒಳಗೆ ಹಳೆಯ ಸೀರೆ ತುಂಬಿಸಿ ಮೊದಲಿನಂತೆಯೇ ಕಾಣುವ ಹಾಗೆ ಇಟ್ಟೆ. ಆ ಸಂಜೆಯೇ ಎಣ್ಮಕಜೆಯ ಕಡೆಯಿಂದ ಒಬ್ಬರು ಹಿರಿಯರು ಮಗಳ ಮದುವೆ ಕಾಗದದ ಪ್ರೂಫ್ ನೋಡಲು ಮನೆಗೇ ಬಂದರು. ಬಹಳ ಗಾಂಭೀರ್ಯದ ಜನ. ಪುರಂದರ ಕುಳಿತುಕೊಳ್ಳಿ ಎಂದರು. ಅವರು ಕುಳಿತರು. ಕುಳಿತೇ ಹೋದರು. ಮೊಣಕಾಲು ಗಲ್ಲಕ್ಕೆ ತಾಗಿದ ಸ್ಥಿತಿಯಲ್ಲಿ ಪ್ರೂಫ್ ಹಿಡಿದುಕೊಂಡು ಅವರು ವರನ ಅಜ್ಜನ ಹೆಸರನ್ನು ಓದುತ್ತಿದ್ದುದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡಿದೆ. ಮದುವೆಗೆ ನಮ್ಮನ್ನು ಕರೆಯಲಿಲ್ಲ.

ಇಷ್ಟಾದರೂ ಬೆನ್ನು ಬಗ್ಗಲಿಲ್ಲ. ಅಂದರೆ, ಬಗ್ಗಿದ್ದು ನೆಟ್ಟಗಾಗಲಿಲ್ಲ. ಅಷ್ಟರಲ್ಲಿ ನನಗೆ ಕಣ್ಣೂರಿನಲ್ಲಿ ಅಧ್ಯಾಪಕರ ಟ್ರೈನಿಂಗ್ ಬಂತು. ಅಲ್ಲಿ ಒಬ್ಬರು ಹೊಸ ಪಾಠಕ್ರಮದ ಬಗ್ಗೆ ಮಾತಾಡುತ್ತಿದ್ದಾಗ ನನ್ನ ತಲೆಯಲ್ಲಿ ಅಂತಿಮ ಸೂತ್ರ ಸಿದ್ಧವಾಯಿತು. ಎಲ್ಲ ಪದರಗಳೂ ಬೇಕು, ಆದರೆ ಕ್ರಮ ತಪ್ಪಬಾರದು. ಎಲ್ಲಕ್ಕಿಂತ ಅಡಿಯಲ್ಲಿ ಪ್ಲೈವುಡ್, ಅದರ ಮೇಲೆ ನಾರಿನ ಹಾಸಿಗೆ, ಅದರ ಮೇಲೆ ಸ್ಪಂಜು, ಮೇಲೊಂದು ತೆಳುವಾದ ರಜಾಯಿ. ಚಹಾದ ವಿರಾಮದಲ್ಲಿ ಪುರಂದರರಿಗೆ ಫೋನು ಮಾಡಿ, ನಾನು ಬರುವಷ್ಟರಲ್ಲಿ ಹಾಗೆಯೇ ಹಾಸಿಡಬೇಕೆಂದು ಎರಡೆರಡು ಸಲ ಹೇಳಿದೆ.

"ಆಯ್ತು ಮಾರಾಯ್ತಿ," ಎಂದರು. "ನೀನು ಬರುವಾಗ ಹಾಸಿಗೆ ಸರಿ ಇರ್ತದೆ."

ರೈಲಿಳಿದು ಮನೆಗೆ ಬಂದು, ಊಟ ಮಾಡಿ, ಹಾಸಿಗೆಯ ಮೇಲೆ ಬಿದ್ದೆ. ಬೆಳಿಗ್ಗೆ ಕಣ್ಣು ಬಿಟ್ಟು, ಎಂದಿನಂತೆ ಒಂದು ನರಳಿಕೆ ಸಿದ್ಧಮಾಡಿಕೊಂಡು ಎದ್ದರೆ, ನರಳಲು ಏನೂ ಇಲ್ಲ! ಬಾಗಿದೆ, ತಿರುಗಿದೆ, ಕೆಳಗೆ ಬಿದ್ದ ಬಾಚಣಿಗೆಯನ್ನು ಬೇಕೆಂದೇ ಇನ್ನೊಮ್ಮೆ ಬೀಳಿಸಿ ಹೆಕ್ಕಿದೆ. ನೋವು ಹೋಗಿತ್ತು. ಮಂಚ ನಾನು ಎಣಿಸಿದ್ದಕ್ಕಿಂತ ಸ್ವಲ್ಪ ತಗ್ಗಾಗಿ ಕಂಡದ್ದು ನಿಜ. ಪದರಗಳು ಒತ್ತಡದಿಂದ ಒಂದಕ್ಕೊಂದು ಕೂಡಿಕೊಂಡಿವೆ ಎಂದು ನನಗೆ ನಾನೇ ವಿವರಿಸಿಕೊಂಡೆ. ಯಾವುದಕ್ಕಾದರೂ ಒಂದು ವಿವರಣೆ ಇಲ್ಲದಿದ್ದರೆ ಭೌತಶಾಸ್ತ್ರ ಕಲಿತು ಏನು ಪ್ರಯೋಜನ?

ಅಂದಿನಿಂದ ಆ ಹಾಸಿಗೆಯನ್ನು ಯಾರೂ ಮುಟ್ಟಬಾರದೆಂದು ಆಜ್ಞೆ ಹೊರಡಿಸಿದೆ. ಬೆಡ್‌ಶೀಟ್ ಬದಲಾಯಿಸುವ ಕೆಲಸ ಇನ್ನು ಮೇಲೆ ತಮ್ಮದೆಂದು ಪುರಂದರ ತಾವಾಗಿಯೇ ಒಪ್ಪಿಕೊಂಡರು. ಇಷ್ಟು ವರ್ಷಗಳ ದಾಂಪತ್ಯದಲ್ಲಿ ಮೊದಲ ಸಲ! ವಿಜ್ಞಾನ ಬೆನ್ನನ್ನು ಮಾತ್ರವಲ್ಲ, ಗಂಡನನ್ನೂ ತಿದ್ದುತ್ತದೆ ಎಂದು ನಾನು ಹಿಗ್ಗಿದೆ.

ಶಾಲೆಯಲ್ಲಿ ನನ್ನ ವೈಭವವನ್ನು ಏನೆಂದು ಹೇಳಲಿ. ಒತ್ತಡದ ಪಾಠಕ್ಕೆ ಹಾಸಿಗೆಯ ಉದಾಹರಣೆ, ಗುರುತ್ವದ ಪಾಠಕ್ಕೆ ಹಾಸಿಗೆಯ ಉದಾಹರಣೆ. ಬೆಳಕಿನ ಪಾಠಕ್ಕೂ ಹೇಗೋ ಒಂದು ಹಾಸಿಗೆಯನ್ನು ತಂದೆ. ಈಶ್ವರಪ್ರಸಾದ ಮಾಷ್ಟ್ರು ಸೂತ್ರವನ್ನು ಬಾಯಿಪಾಠ ಮಾಡಿಕೊಂಡರೂ ಮನೆಯಲ್ಲಿ ಪ್ಲೈವುಡ್ ಇಲ್ಲದ್ದರಿಂದ ಬಚಾವಾದರು.

ಬಚಾವಾಗದವನು ಪಕ್ಕದ ಮನೆಯ ತಂಸೀರ್.

ನಮ್ಮ ಕಂಪೌಂಡಿನ ಆಚೆ ಹವ್ವಮ್ಮನವರ ಮನೆ. ಅವರ ಮಗ ತಂಸೀರ್ ದುಬಾಯಿಯಲ್ಲಿ ದೊಡ್ಡ ಲಾರಿ ಓಡಿಸುವವನು. ಮದುವೆಗೆಂದು ರಜೆಯಲ್ಲಿ ಬಂದಿದ್ದ, ಮದುವೆಯಾಗಿತ್ತು, ರಜೆ ಮುಗಿಯುತ್ತ ಬಂದಿತ್ತು. ಹೆಂಡತಿ ಶಿಬಿಲಾಳಿಗೆ ಅಡುಗೆಮನೆಯ ಡಬ್ಬಿಗಳು ಎಲ್ಲೆಲ್ಲಿವೆಯೆಂದು ಇನ್ನೂ ಸರಿಯಾಗಿ ಗೊತ್ತಾಗಿರಲಿಲ್ಲ. ಅಷ್ಟರಲ್ಲಿ ತಂಸೀರ್ ಯಾರದೋ ಮನೆಯ ಫ್ರಿಜ್ ಎತ್ತಲು ಕೈಜೋಡಿಸಿ ಸೊಂಟ ಹಿಡಿಸಿಕೊಂಡ. ಮುಂದಿನ ವಾರ ವಿಮಾನ ಹತ್ತಬೇಕಾದವನು ಮನೆಯ ಮೆಟ್ಟಿಲು ಹತ್ತಲೂ ಗೋಡೆ ಹಿಡಿಯುತ್ತಿದ್ದ. ಸೊಂಟ ನೆಟ್ಟಗಿಲ್ಲದೆ ಲಾರಿ ಹತ್ತಿದರೆ ಕೆಲಸಕ್ಕೇ ಕುತ್ತು ಬಂದೀತೆಂದು ಹವ್ವಮ್ಮನವರಿಗೆ ದಿಗಿಲು.

ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಕನ್ನಡಕ್ಕೆ ತಂದರೆ ಅವರು ಕಂಪೌಂಡಿನ ಆಚೆಯಿಂದ ಹೇಳಿದ್ದು ಇಷ್ಟು: "ಟೀಚರೆ, ನಿಮಗೆ ಗುಣ ಆಯ್ತಲ್ಲ, ಅದೇ ಹಾಸಿಗೆ ನಮ್ಮ ಹುಡುಗನಿಗೂ ಒಂದು ಮಾಡಿಕೊಡಿ."

ಯಾರಾದರೂ ಡಾಕ್ಟರಿಗೆ ತೋರಿಸಿ ಎಂದು ಹೇಳಬೇಕಾದ ಜಾಗ ಅದು. ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

ಅವರ ಮನೆಯಲ್ಲಿ ಮದುವೆಗೆಂದು ತಂದ ಸ್ಪ್ರಿಂಗಿನ ಹಾಸಿಗೆಯೊಂದು ಪ್ಲಾಸ್ಟಿಕ್ಕಿನ ಹೊದಿಕೆಯನ್ನೂ ಪೂರ್ತಿ ತೆಗೆಯದೆ ಹೊಳೆಯುತ್ತಿತ್ತು. ಅದನ್ನು ಹಾಲ್‌ನ ಗೋಡೆಗೆ ಒರಗಿಸಿಟ್ಟೆವು. ಅದರ ಜಾಗದಲ್ಲಿ ನನ್ನ ಸೂತ್ರ ಏರತೊಡಗಿತು. ಪ್ಲೈವುಡ್ ಸಿಗದೆ ಹಿತ್ತಿಲಿನ ಶೆಡ್ಡಿನ ಹಳೆಯ ಬಾಗಿಲನ್ನೇ ತಂದು ಹಾಕಿದೆವು. ಚಿಲಕ ಕೆಳಮುಖವಾಗಿರಲೆಂದು ನಾನೇ ಮುತುವರ್ಜಿ ವಹಿಸಿದೆ. ಅದರ ಮೇಲೆ ಅವರ ಮನೆಯದೇ ಹಳೆಯ ನಾರಿನ ಹಾಸಿಗೆ, ಸ್ಪಂಜು, ರಜಾಯಿ. ತಂಸೀರ್ ಒಳ್ಳೆಯ ಸಂಸ್ಕಾರದ ಹುಡುಗ, ಹಿರಿಯರಿಗೆ ಎದುರಾಡುವವನಲ್ಲ. ಮಲಗಿ ನೋಡಿ, ಹೇಗುಂಟೆಂದು ಕೇಳಿದ್ದಕ್ಕೆ "ಗಟ್ಟಿ ಉಂಟು ಟೀಚರ್" ಎಂದ. ಅದನ್ನು ನಾನು ಮೆಚ್ಚುಗೆಯೆಂದು ತಿಳಿದು ಮನೆಗೆ ಬಂದೆ.

ಮಾರನೆಯ ದಿನ ಭಾನುವಾರ. ನಾನು ದೋಸೆ ಹುಯ್ಯುತ್ತಿದ್ದೆ. ಶಿಬಿಲಾ ಕಂಪೌಂಡಿನ ಬಳಿ ಬಂದು, ತಲೆಯ ಶಾಲು ಸರಿಪಡಿಸಿಕೊಳ್ಳುತ್ತ, ಬಹಳ ಮೆಲ್ಲಗೆ ಹೇಳಿದಳು: "ಟೀಚರ್, ಅವರಿಗೆ ಏಳ್ಲಿಕ್ಕೆ ಆಗುವುದಿಲ್ಲ."

ಓಡಿ ಹೋಗಿ ನೋಡಿದೆ. ತಂಸೀರ್ ಮಲಗಿಸಿಟ್ಟ ಹಾಗೆಯೇ ಇದ್ದ. ಕಣ್ಣುಗುಡ್ಡೆಗಳು ಮಾತ್ರ ನಾನು ಹೋದ ಕಡೆಗೆ ತಿರುಗುತ್ತಿದ್ದವು. ಏನಾಯಿತೆಂದು ಕೇಳಿದರೆ, ಉಸಿರು ಜೋರಾಗಿ ಎಳೆದರೆ ಮಾತ್ರ ನೋವು, ಇಲ್ಲದಿದ್ದರೆ ಆರಾಮ ಎಂದ. ಆಗಲೂ ಸಂಸ್ಕಾರ ಬಿಡಲಿಲ್ಲ. ಹುಡುಗನ ವಿಮಾನ, ಅವನ ಕೆಲಸ, ಇವಳ ಕಣ್ಣಂಚಿನ ನೀರು, ಎಲ್ಲವೂ ನನ್ನ ನಾಲ್ಕು ಪದರದ ಮೇಲೆ ಮಲಗಿದ್ದವು.

ಹವ್ವಮ್ಮನವರಿಗೆ ನನ್ನ ವಿದ್ಯೆಯ ಮೇಲೆ ಇನ್ನೂ ನಂಬಿಕೆ ಹೋಗಿರಲಿಲ್ಲ. ಸೂತ್ರ ತಪ್ಪಲಿಕ್ಕಿಲ್ಲ, ಅವಸರದಲ್ಲಿ ಏನೋ ಒಂದು ಪದರ ಮರೆತಿರಬೇಕು, ನಿಮ್ಮ ಹಾಸಿಗೆಯನ್ನು ಒಮ್ಮೆ ಬಿಚ್ಚಿ ತೋರಿಸಿ, ಅದರಂತೆಯೇ ಮಾಡೋಣ ಎಂದರು. ನನಗೂ ಅದೇ ಸರಿಯೆನಿಸಿತು. ಅವರು, ಶಿಬಿಲಾ, ಮದುವೆಯ ನೆಪದಲ್ಲಿ ಬಂದು ಇನ್ನೂ ಉಳಿದುಕೊಂಡಿದ್ದ ಅವರ ತಂಗಿ, ಮುಂದೆ ನಾನು. ಹೀಗೆ ನಮ್ಮ ಮೆರವಣಿಗೆ ಗೇಟು ದಾಟಿ ನಮ್ಮ ಮನೆಯೊಳಗೆ ಬಂತು.

ಪುರಂದರ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ವಿಷಯ ತಿಳಿದವರೇ ಪೇಪರು ಮಡಚಿ, ನಾನು ಎಂದೂ ಕಾಣದ ಚುರುಕಿನಿಂದ ಬಂದು ಮಲಗುವ ಕೋಣೆಯ ಬಾಗಿಲಿಗೆ ಅಡ್ಡ ನಿಂತರು. ಬೆಡ್‌ಶೀಟ್ ಒಗೆದಿಲ್ಲ, ನಾಳೆ ಒಗೆಯುತ್ತೇನೆ, ನಾಳೆ ನೋಡಬಹುದಲ್ಲ ಎಂದರು. ಅಲ್ಲೊಬ್ಬ ಹುಡುಗ ಉಸಿರಾಡಲಿಕ್ಕಾಗದೆ ಮಲಗಿದ್ದಾನೆ, ಇಲ್ಲಿ ಬೆಡ್‌ಶೀಟಿನ ಮಾತೇ ಎಂದು ನಾನು ಅವರನ್ನು ಸರಿಸಿ ಒಳಗೆ ಹೋದೆ. ಪ್ರಾತ್ಯಕ್ಷಿಕೆ ಕೊಡುವ ಅಧ್ಯಾಪಕಿಯ ಗತ್ತಿನಲ್ಲಿ ಹಾಸಿಗೆಯ ಒಂದು ಮೂಲೆ ಹಿಡಿದು, "ಮೊದಲು ರಜಾಯಿ," ಎನ್ನುತ್ತ ಬೆಡ್‌ಶೀಟ್ ಎತ್ತಿದೆ.

ರಜಾಯಿ ಇರಲಿಲ್ಲ.

ಸ್ಪಂಜು ಇರಲಿಲ್ಲ. ನಾರಿನ ಹಾಸಿಗೆಯನ್ನು ಎತ್ತಿ ಕೆಳಗೆ ಬಗ್ಗಿ ನೋಡಿದೆ. ಪ್ಲೈವುಡ್ ಇರಬೇಕಾದಲ್ಲಿ ನನ್ನ ಕಳೆದುಹೋದ ಒಂದು ಕಿವಿಯೋಲೆ ಇತ್ತು.

ಹವ್ವಮ್ಮನವರು ಹಾಸಿಗೆಯನ್ನು ಆಚೆಯಿಂದ ಈಚೆಯಿಂದ ನೋಡಿದರು. ಆಮೇಲೆ ನಿಜವಾದ ಜಿಜ್ಞಾಸೆಯಿಂದಲೇ ಕೇಳಿದರು: "ಟೀಚರೆ, ಇದು ಎಲ್ಲರ ಮನೆಯಲ್ಲಿ ಇರುವ ಹಾಗೆಯೇ ಉಂಟಲ್ಲ?"

ನಾನು ಗಂಡನ ಕಡೆಗೆ ತಿರುಗಿದೆ. ಹತ್ತನೆಯ ತರಗತಿಯ ಕೊನೆಯ ಬೆಂಚಿನಿಂದ ಎದ್ದು ನಿಂತವರ ಹಾಗೆ ಅವರು ನಿಂತಿದ್ದರು. ಪ್ಲೈವುಡ್ ಎಲ್ಲಿ ಎಂದೆ. ಪ್ರೆಸ್ಸಿನಲ್ಲಿ ಕಾಗದದ ಕಟ್ಟುಗಳ ಅಡಿಗೆ ಹಾಕಿದ್ದಾರಂತೆ. ಸ್ಪಂಜು? ಅದೂ ಪ್ರೆಸ್ಸಿನಲ್ಲಿ, ಅವರ ಕುರ್ಚಿಯ ಮೇಲೆ. ಹಾಗಾದರೆ ನಾನು ಕಣ್ಣೂರಿನಿಂದ ಫೋನಿನಲ್ಲಿ ಹೇಳಿದ್ದು?

"ನೀನು ಸಂಜೆ ಹೊತ್ತು ಕೂತು ಪೇಪರ್ ತಿದ್ದುವುದು ಎಲ್ಲಿ?" ಎಂದು ಅವರು ಕೇಳಿದರು.

ಮಂಚದ ನನ್ನ ಕಡೆಯ ಅಂಚಿನಲ್ಲಿ. ವರ್ಷಗಳಿಂದ ಅಲ್ಲಿಯೇ. ಡಿಸೆಂಬರಿನ ಕ್ರಿಸ್ಮಸ್ ಪರೀಕ್ಷೆಯ ಕಾಲದಲ್ಲಂತೂ ಗಂಟೆಗಟ್ಟಲೆ.

"ಅಲ್ಲಿ ಒಂದು ಗುಂಡಿ ಆಗಿತ್ತು. ನೀನು ಅದರಲ್ಲೇ ಮಲಗ್ತಿದ್ದೆ. ಕಂಬಳಿ, ರಜಾಯಿ ಎಲ್ಲ ತೆಗೆದು ಹಾಸಿಗೆಯನ್ನು ತಲೆ ಕಡೆ ಕಾಲಿಗೆ, ಕಾಲ ಕಡೆ ತಲೆಗೆ ತಿರುಗಿಸಿ ಹಾಕಿದೆ. ಅಷ್ಟೇ."

ಅಷ್ಟೇ! ಹದಿಹರೆಯದ ಮಕ್ಕಳಿಗೆ ಬಲ, ಒತ್ತಡ, ಗುರುತ್ವಕೇಂದ್ರ ಎಂದು ದಿನವೂ ಬೋಧಿಸುವ ನಾನು, ನನ್ನದೇ ಗುರುತ್ವ ತೋಡಿದ ಗುಂಡಿಯನ್ನು ಕಂಡಿರಲಿಲ್ಲ. ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, ಹೇಳಲು ಎರಡು ಸಲ ಬಾಯಿ ತೆರೆದದ್ದುಂಟು, ಎರಡು ಸಲವೂ ನಾನು ಫೋರ್ಸ್ ಬಗ್ಗೆ ವಿವರಿಸುತ್ತಿದ್ದೆ ಎಂದರು. ಹವ್ವಮ್ಮನವರ ತಂಗಿ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

ಮತ್ತೆ ತಡಮಾಡಲಿಲ್ಲ. ಪುರಂದರ ಕುಂಬಳೆಯಿಂದ ಒಬ್ಬ ಫಿಸಿಯೋಥೆರಪಿಯವರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದರು. ಅವರು ತಂಸೀರನ ಬೆನ್ನನ್ನು ಒತ್ತಿ, ಕಾಲನ್ನು ಎತ್ತಿ ಇಳಿಸಿ ನೋಡಿ, ಸ್ನಾಯು ಬಿಗಿದುಕೊಂಡಿದೆ, ಭಯಪಡುವಂಥದ್ದು ಏನಿಲ್ಲ, ಸ್ವಲ್ಪ ದಿನ ವಿಶ್ರಾಂತಿ ಮತ್ತು ವ್ಯಾಯಾಮ ಬೇಕು ಎಂದರು. ನನಗೆ ಉಸಿರು ಬಂತು. ಆಮೇಲೆ ಅವರು ಹಾಸಿಗೆಯ ಅಡಿಗೆ ಕೈಹಾಕಿದರು. ಕೈಗೆ ಚಿಲಕ ಸಿಕ್ಕಿತು. ಬಗ್ಗಿ ನೋಡಿದರು. ಬಾಗಿಲಿನ ಮೇಲೆ ಈ ಮನುಷ್ಯನನ್ನು ಮಲಗಿಸಿದ್ದು ಯಾರೆಂದು ಕೇಳಿದರು.

ನಾನು ಕಿಟಕಿಯ ಹೊರಗಿನ ತೆಂಗಿನಮರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

"ನಾವು ಮನೆಯವರೇ," ಎಂದರು ಹವ್ವಮ್ಮನವರು.

ಆ ಉಪಕಾರವನ್ನು ನಾನು ಬದುಕಿರುವವರೆಗೂ ಮರೆಯುವುದಿಲ್ಲ. ಸ್ಪ್ರಿಂಗಿನ ಹಾಸಿಗೆ ಮತ್ತೆ ಒಳಗೆ ಬಂತು. ಬಾಗಿಲು ಶೆಡ್ಡಿಗೆ ಹೋಯಿತು. ಪ್ಲೈವುಡ್ ಎಲ್ಲಿ ಸಿಗುತ್ತದೆಂದು ಕೇಳಲು ಬಂದ ಈಶ್ವರಪ್ರಸಾದ ಮಾಷ್ಟ್ರಿಗೆ, ಪ್ಲೈವುಡ್ ಕೊಳ್ಳುವುದು ಬೇಡ, ಕುಂಬಳೆಯಲ್ಲಿ ಒಳ್ಳೆಯವರು ಒಬ್ಬರಿದ್ದಾರೆ ಎಂದು ಹೇಳಿ ಮಾತು ಬದಲಾಯಿಸಿದೆ.

ತಂಸೀರನಿಗೆ ಆ ವಾರ ವಿಮಾನ ಹತ್ತಲಾಗಲಿಲ್ಲ. ಡಾಕ್ಟರಿಗೂ ತೋರಿಸಿ, ಸರ್ಟಿಫಿಕೇಟು ಪಡೆದು ಕಂಪೆನಿಗೆ ಕಳಿಸಿದರು. ಕೆಲಸ ಹೋದೀತೆಂಬ ಹೆದರಿಕೆಯಲ್ಲಿ ನಾನು ಮೂರು ಹೊತ್ತೂ ದೇವರಿಗೆ ಕೈಮುಗಿಯುತ್ತಿದ್ದೆ. ಕಂಪೆನಿಯವರು ದೊಡ್ಡ ಮನಸ್ಸು ಮಾಡಿ, ಪೂರ್ತಿ ಗುಣವಾದ ಮೇಲೆಯೇ ಬಾ, ಅಲ್ಲಿಯವರೆಗೆ ರಜೆ ಎಂದು ಉತ್ತರ ಕೊಟ್ಟರು. ಅದೇ ಸಂಜೆ ಶಿಬಿಲಾ ಕಂಪೌಂಡಿನ ಬಳಿ ಕಾದು ನಿಂತಿದ್ದಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಒಂದು ಡಬ್ಬಿ ದಾಟಿಸಿದಳು. ಒಳಗೆ ಬಿಸಿ ಬಿಸಿ ಉನ್ನಕಾಯ. ನೇಂದ್ರ ಬಾಳೆಹಣ್ಣಿನೊಳಗೆ ತೆಂಗಿನತುರಿ, ಸಕ್ಕರೆ ತುಂಬಿ ಕರಿದದ್ದು.

"ಉಮ್ಮನ ಹತ್ತಿರ ಹೇಳ್ಬೇಡಿ ಟೀಚರ್," ಎಂದಳು, ಅತ್ತೆ ಕೇಳಿಸಿಕೊಂಡಾರೆಂದು ದನಿ ತಗ್ಗಿಸಿ. "ನಿಮ್ಮ ಹಾಸಿಗೆಯಿಂದ ದೊಡ್ಡ ಉಪಕಾರ ಆಯ್ತು."

ಮುಖ ಕೆಂಪು ಮಾಡಿಕೊಂಡು ಓಡಿಹೋದಳು. ನಾನು ಡಬ್ಬಿ ಹಿಡಿದು ಮನೆಯೊಳಗೆ ಬರುವಷ್ಟರಲ್ಲಿ ನನ್ನ ತಲೆ ಮತ್ತೆ ಮೊದಲಿನ ಎತ್ತರಕ್ಕೆ ಏರಿತ್ತು. ಸೂತ್ರ ಪೂರ್ತಿ ಸೋತಿಲ್ಲ! ಸೊಂಟಕ್ಕೆ ಆಗದಿದ್ದರೇನು, ಸಂಸಾರಕ್ಕೆ ಆಯಿತಲ್ಲ. ಆಗಷ್ಟೇ ಪ್ರೆಸ್ಸಿನಿಂದ ಬಂದಿದ್ದ ಪುರಂದರರಿಗೆ ಒಂದು ಉನ್ನಕಾಯ ಕೊಟ್ಟು, ವಿಜ್ಞಾನದಲ್ಲಿ ವಿಫಲವಾದ ಪ್ರಯೋಗವೆಂಬುದೇ ಇಲ್ಲ ಎಂಬ ವಿಷಯದ ಮೇಲೆ ಮಾತು ಶುರುಮಾಡಿದೆ.

ಅವರು ಕುಳಿತುಕೊಳ್ಳಲು ಹೊರಟರು. ಒಂದು ಕೈಯಿಂದ ಕುರ್ಚಿಯ ತೋಳು ಹಿಡಿದರು. ಸ್ವಲ್ಪ ಇಳಿದರು. ನಿಂತರು. ಕಣ್ಣು ಮುಚ್ಚಿ ಇನ್ನೂ ಸ್ವಲ್ಪ ಇಳಿದರು.

ಆಗ ಮಾತ್ರ ನನಗೆ, ಹಾಸಿಗೆ ತಿರುಗಿಸಿದರೆ ಗುಂಡಿ ಮಾಯವಾಗುವುದಿಲ್ಲ, ಆಚೆ ಕಡೆಗೆ ಹೋಗುತ್ತದೆ ಎಂಬುದು ಹೊಳೆಯಿತು. ಆಚೆ ಕಡೆ ಮಲಗುವವರು ನನ್ನ ಎದುರಿಗಿದ್ದರು.

"ನಿಮಗೆ ಬೆನ್ನು ನೋಯ್ತದಾ?" ಎಂದು ಕೇಳಿದೆ.

"ನೋಯ್ತದೆ."

"ಯಾವಾಗಿನಿಂದ?"

"ನೀನು ಕಣ್ಣೂರಿಂದ ಬಂದಾಗಿನಿಂದ."

ಇಷ್ಟು ದಿನ ನಾನು ನೆಟ್ಟಗೆ ನಡೆಯಲೆಂದು ಈ ಮನುಷ್ಯ ನನ್ನ ಗುಂಡಿಯಲ್ಲಿ ಮಲಗಿದ್ದರು. ಒಂದು ಮಾತು ಹೇಳಬಾರದಿತ್ತೇ ಎಂದು, ನನಗೇ ಅಪರೂಪವಾದ ಮೆಲುದನಿಯಲ್ಲಿ ಕೇಳಿದೆ.

ಪುರಂದರ ಬಾಯಲ್ಲಿದ್ದ ಉನ್ನಕಾಯವನ್ನು ನಿಧಾನವಾಗಿ ನುಂಗಿದರು.

"ಹೇಳಿದ್ರೆ ನೀನು ಗುಣ ಮಾಡ್ತೀಯಲ್ಲ," ಎಂದರು, "ಅದಕ್ಕೇ ಹೇಳ್ಲಿಲ್ಲ."